ಎಂಜಿನಿಯರ್ ತಂದೆಯ ಬದುಕನ್ನು ಬರೆದಿಡುವ ಬಗೆ

ತಂದೆ ತೀರಿಕೊಂಡ ಮನೆಯಲ್ಲಿ ಕರ್ಮಾಂತರಗಳು ಮುಗಿದ ಕೂಡಲೇ ಕಪಾಟು ಖಾಲಿ ಮಾಡುವ ಮಾತು ಬರುತ್ತದೆ. ಮುಂಬಯಿಯ ಇಕ್ಕಟ್ಟಾದ ಮನೆಗಳಲ್ಲಿ ಅದು ಇನ್ನೂ ಬೇಗ ಬರುತ್ತದೆ. ಅವರ ಬದುಕನ್ನು ಬರೆದಿಡಬೇಕೆಂಬ ಆಸೆ ನಿಮಗಿದ್ದರೆ ಆ ಮಾತನ್ನು ಕೆಲವು ತಿಂಗಳು ಮುಂದಕ್ಕೆ ಹಾಕಿ. ಬಟ್ಟೆಬರೆಯನ್ನು ಬೇಕಾದವರಿಗೆ ಕೊಡಬಹುದು, ಆದರೆ ಒಂದು ಹಾಳೆಯೂ ರದ್ದಿಗೆ ಹೋಗಬಾರದು. ಎಂಜಿನಿಯರುಗಳು ತಮ್ಮ ಬಗ್ಗೆ ಮಾತನಾಡುವುದು ಕಡಿಮೆ. ಅವರ ಬದುಕಿನ ಬಹುಪಾಲು ಡೈರಿ, ಕೆಲಸದ ಸ್ಥಳದಲ್ಲೇ ಅಳತೆ ಬರೆದುಕೊಳ್ಳುವ ಫೀಲ್ಡ್ ಬುಕ್, ಹಳೆಯ ನಕ್ಷೆಗಳ ಅಂಚಿನ ಟಿಪ್ಪಣಿಗಳಲ್ಲಿ ಉಳಿದಿರುತ್ತದೆ.

ನನ್ನ ಅಪ್ಪ ಧಾರವಾಡದ ಕಡೆಯವರು, ಸಿವಿಲ್ ಎಂಜಿನಿಯರ್. ತೊಂಬತ್ತರ ದಶಕದಲ್ಲಿ ಕೊಂಕಣ ರೈಲು ಮಾರ್ಗದ ಸೇತುವೆಗಳ ಕೆಲಸಕ್ಕಾಗಿ ರತ್ನಾಗಿರಿ ಜಿಲ್ಲೆಯಲ್ಲಿದ್ದರು; ಅಮ್ಮ, ತಂಗಿ ಮತ್ತು ನಾನು ಮುಂಬಯಿ ಬಳಿಯ ಡೊಂಬಿವಲಿಯಲ್ಲಿದ್ದೆವು. ಅಪ್ಪನ ವರ್ಷಾಂತಿಕದ ಹೊತ್ತಿಗೆ ಒಂದು ಸಣ್ಣ ಪುಸ್ತಕ ಮಾಡಬೇಕೆಂದು ಕುಳಿತಾಗ ನಾನು ಕಲಿತದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಕಾಗದಗಳನ್ನು ಮೊದಲು ಇದ್ದಲ್ಲೇ ಫೋಟೋ ತೆಗೆದುಕೊಳ್ಳಿ, ಏಕೆಂದರೆ ಯಾವ ಪತ್ರ ಯಾವ ಫೈಲಿನಲ್ಲಿತ್ತು ಎಂಬುದೇ ಎಷ್ಟೋ ಸಲ ಅದರ ಅರ್ಥವನ್ನು ತಿಳಿಸುತ್ತದೆ. ತುಕ್ಕು ಹಿಡಿಯುವ ಪಿನ್ನುಗಳನ್ನೂ ಅಂಟಿಕೊಳ್ಳುವ ರಬ್ಬರ್ ಬ್ಯಾಂಡುಗಳನ್ನೂ ತೆಗೆದುಹಾಕಿ. ಲ್ಯಾಮಿನೇಶನ್ ಮಾಡಿಸಬೇಡಿ, ಒಮ್ಮೆ ಮಾಡಿಸಿದರೆ ಮೂಲ ಕಾಗದವನ್ನು ಹಾನಿಯಿಲ್ಲದೆ ಬಿಡಿಸುವುದು ಅಸಾಧ್ಯವೆಂದೇ ಹೇಳಬೇಕು. ಹಳೆಯ ಅಮೋನಿಯಾ ಪ್ರಿಂಟುಗಳು, ಅಂದರೆ ಅಮೋನಿಯಾ ಬಳಸಿ ತೆಗೆದ ನಕ್ಷೆಯ ಪ್ರತಿಗಳು, ಬೆಳಕಿಗೆ ಮಾಸುತ್ತವೆ, ಆದ್ದರಿಂದ ಅವನ್ನೇ ಮೊದಲು ಸ್ಕ್ಯಾನ್ ಮಾಡಿ ಕತ್ತಲಲ್ಲಿಡಿ. ಸ್ಕ್ಯಾನ್ ಮಾಡುವಾಗ ಬರಹಕ್ಕೆ 300 ಡಿಪಿಐ (ಅಂಗುಲಕ್ಕೆ 300 ಚುಕ್ಕೆ), ಚಿಕ್ಕ ಫೋಟೋಗಳಿಗೆ 600 ಡಿಪಿಐ ಸಾಕು. ಮುಂಬಯಿಯ ಮಳೆಗಾಲದಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೂ ಬೂಷ್ಟು ಹಿಡಿಯುವುದರಿಂದ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ, ಆಗಾಗ ಬದಲಿಸುತ್ತಿರಿ. ನಕ್ಷೆಗಳು ಕಚೇರಿಯ ಸ್ವತ್ತಾಗಿರಬಹುದು ಎಂಬುದನ್ನು ಮರೆಯಬೇಡಿ. ಅವನ್ನು ಅಚ್ಚು ಹಾಕುವ ಮುನ್ನ ಅನುಮತಿ ಕೇಳುವುದು ಅಗತ್ಯ.

ಅಮೋನಿಯಾ ಪ್ರಿಂಟಿನ ಮಾತು ಬಂದದ್ದರಿಂದ ಒಂದು ವಿಷಯ ಹೇಳಬೇಕು. ನಮ್ಮ ಶಾಲೆಯ ಪುಸ್ತಕಗಳಿಗೆ ಅಪ್ಪ ರದ್ದಾದ ನಕ್ಷೆಗಳಿಂದಲೇ ಹೊದಿಕೆ ಹಾಕುತ್ತಿದ್ದರು. ಸ್ಟೀಲ್ ಪಟ್ಟಿಯ ಅಂಚಿಗೆ ಒತ್ತಿ ಮಡಿಸಿದ ಮೂಲೆಗಳು ವರ್ಷವಿಡೀ ಬಿಚ್ಚಿಕೊಳ್ಳುತ್ತಿರಲಿಲ್ಲ. ಒಳಗಡೆ ನೇರಳೆ ಗೆರೆಗಳಲ್ಲಿ ಯಾವುದೋ ಸೇತುವೆಯ ಅರ್ಧ ಕಂಬ, ಹೊರಗಡೆ ಅವರ ಕೈಬರಹದಲ್ಲಿ ನಮ್ಮ ಹೆಸರು ಮತ್ತು ತರಗತಿ, ನಕ್ಷೆಯಲ್ಲಿ ಬರೆಯುವಂತೆಯೇ ಒಂದೇ ಎತ್ತರದ ಅಕ್ಷರಗಳಲ್ಲಿ. ಜೂನ್ ತಿಂಗಳ ಮೊದಲ ವಾರ ಮನೆಯೆಲ್ಲ ಅಮೋನಿಯಾದ ಘಾಟು ವಾಸನೆ ಇರುತ್ತಿತ್ತು. ನಿಮ್ಮ ತಂದೆಯ ಬಗ್ಗೆ ಬರೆಯುವಾಗ ಇಂಥ ಒಂದು ವಸ್ತುವನ್ನು ಹುಡುಕಿ, ಅದನ್ನು ಕೈಯಲ್ಲಿ ಹಿಡಿದು ನೋಡಿದಷ್ಟು ಹತ್ತಿರದಿಂದ ಬರೆಯಿರಿ. ಮಕ್ಕಳ ಮೇಲೆ ಅವರಿಗೆ ಅಪಾರ ಪ್ರೀತಿಯಿತ್ತು ಎಂಬ ವಾಕ್ಯವನ್ನು ಬರೆಯುವ ಪ್ರಮೇಯವೇ ಬಾರದು.

ಕೆಲಸದ ಬಗ್ಗೆ ಬರೆಯುವಾಗಲೂ ಇದೇ ಎಚ್ಚರ ಬೇಕು. ಕರ್ತವ್ಯನಿಷ್ಠರು, ಶಿಸ್ತಿನ ಸಿಪಾಯಿ ಎಂಬ ಮಾತುಗಳು ಎಲ್ಲ ಶ್ರದ್ಧಾಂಜಲಿಗಳಲ್ಲೂ ಇರುತ್ತವೆ, ಯಾರನ್ನೂ ತೋರಿಸುವುದಿಲ್ಲ. ಮಾಟುಂಗಾದ ಕರ್ನಾಟಕ ಸಂಘದ ಸಭಾಂಗಣಕ್ಕೆ ವಿಶ್ವೇಶ್ವರಯ್ಯನವರ ಹೆಸರಿದೆ. ಅಲ್ಲಿ ಭಾಷಣ ಮಾಡುವವರು ಅವರನ್ನು ಮಹಾನ್ ಎಂಜಿನಿಯರ್ ಎಂದಷ್ಟೇ ಕರೆದರೆ ಮಕ್ಕಳಿಗೆ ಏನೂ ತಿಳಿಯುವುದಿಲ್ಲ. ಪುಣೆಯಲ್ಲಿ ಓದಿ 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ಸೇರಿದ ಆ ವ್ಯಕ್ತಿ, ನೀರು ಒಂದು ಮಟ್ಟ ಮೀರಿದಾಗ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು ರೂಪಿಸಿದರು, 1903ರಲ್ಲಿ ಅವನ್ನು ಖಡಕ್‌ವಾಸ್ಲಾ ಅಣೆಕಟ್ಟಿಗೆ ಅಳವಡಿಸಲಾಯಿತು ಎಂದರೆ ಮಗು ಕೂಡ ಕಣ್ಣರಳಿಸುತ್ತದೆ. ನಿಮ್ಮ ತಂದೆ ಅಷ್ಟು ಪ್ರಸಿದ್ಧರಲ್ಲದಿರಬಹುದು. ಆದರೂ ಅವರು ಯಾವ ಕೆಲಸದ ಯಾವ ಭಾಗವನ್ನು ಮಾಡಿದರು, ಅದು ಏಕೆ ಕಷ್ಟವಾಗಿತ್ತು ಎಂಬುದನ್ನು ತಿಳಿದುಕೊಳ್ಳದೆ ಬರೆಯಲು ಕೂರಬೇಡಿ. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಸುಮಾರು 740 ಕಿಲೋಮೀಟರು, 91 ಸುರಂಗ, ಎರಡು ಸಾವಿರದಷ್ಟು ಸೇತುವೆ, 1998ರ ಜನವರಿ 26ರಂದು ಪೂರ್ಣ ಮಾರ್ಗ ಸಂಚಾರಕ್ಕೆ ಮುಕ್ತ: ಇದು ಕೊಂಕಣ ರೈಲು ಮಾರ್ಗದ ಚರಿತ್ರೆ. ಅದರಲ್ಲಿ ಅಪ್ಪನ ಪಾಲು ಕೆಲವೇ ಸೇತುವೆಗಳ ಅಡಿಪಾಯ ಮತ್ತು ಕಂಬಗಳು. ನಾನು ಬರೆದದ್ದು ಆ ಕೆಲವನ್ನು ಕುರಿತು ಮಾತ್ರ.

ಕೆಲಸವನ್ನು ಅರ್ಥಮಾಡಿಕೊಂಡದ್ದರಿಂದ ನನಗೆ ಆದ ಲಾಭ ದೊಡ್ಡದು. ಏಳನೆಯ ತರಗತಿಯಲ್ಲಿ ನನಗೆ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಬಂದಾಗ ಬರುತ್ತೇನೆಂದು ಹೇಳಿದ್ದ ಅಪ್ಪ ಬರಲಿಲ್ಲ. ಆ ಸಿಟ್ಟು ನನ್ನಲ್ಲಿ ವರ್ಷಗಟ್ಟಲೆ ಉಳಿದಿತ್ತು. ಅವರು ಹೋದ ಮೇಲೆ ಡೈರಿಯಲ್ಲಿ ಆ ದಿನಾಂಕವನ್ನು ತೆರೆದರೆ, ಬೆಳಗ್ಗೆ 6ಕ್ಕೆ ಕಾಂಕ್ರೀಟ್ ಆರಂಭ, ಮರುದಿನ ನಸುಕಿನ 4ಕ್ಕೆ ಮುಕ್ತಾಯ ಎಂದು ಇತ್ತು. ಕಾಂಕ್ರೀಟ್ ಹಾಕುವುದನ್ನು ನಡುವೆ ನಿಲ್ಲಿಸಿದರೆ ಹಾಕಿದ ಪದರ ಗಟ್ಟಿಯಾಗಿ, ಮೇಲಿನದು ಅದರೊಂದಿಗೆ ಸರಿಯಾಗಿ ಬೆಸೆಯದೆ ಕೋಲ್ಡ್ ಜಾಯಿಂಟ್ ಉಳಿದುಬಿಡುತ್ತದೆ ಎಂಬುದನ್ನು ಅವರ ಸಹೋದ್ಯೋಗಿಯೊಬ್ಬರು ನನಗೆ ವಿವರಿಸಿದರು. ಎರಡು ದಿನ ಬಿಟ್ಟು ಮನೆಗೆ ಬಂದ ಅಪ್ಪ, ಊಟಕ್ಕೂ ಮೊದಲು ನನ್ನನ್ನು ಅಡುಗೆಮನೆಯಲ್ಲಿ ನಿಲ್ಲಿಸಿ ಇಡೀ ಭಾಷಣವನ್ನು ಮತ್ತೊಮ್ಮೆ ಹೇಳಿಸಿ ಕೇಳಿದ್ದರು. ಅವರು ಬಾರದ ದಿನವನ್ನೂ ಈ ಸಂಜೆಯನ್ನೂ ನಾನು ಒಟ್ಟಿಗೇ ಬರೆದೆ. ನೋವನ್ನು ಬಿಟ್ಟು ಬರೆದಿದ್ದರೆ ಅಪ್ಪ ನಿಂತು ಕೇಳಿದ್ದಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಸಹೋದ್ಯೋಗಿಗಳನ್ನು ಕಾಣಲು ಹೋಗುವಾಗ ಒಂದು ಫೋಟೋವನ್ನೋ ನಕ್ಷೆಯನ್ನೋ ಜೊತೆಗೆ ಒಯ್ಯಿರಿ. ನಮ್ಮ ತಂದೆ ಹೇಗಿದ್ದರು ಎಂದು ಕೇಳಿದರೆ ಬಹಳ ಒಳ್ಳೆಯವರು ಎಂಬ ಉತ್ತರ ಬರುತ್ತದೆ. ಈ ಕಂಬದ ಬುನಾದಿ ತೆಗೆಯುವಾಗ ನೀರು ಬಂದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದರೆ ಕಥೆ ಬರುತ್ತದೆ. ಅವರು ಮರಾಠಿಯಲ್ಲೋ ಹಿಂದಿಯಲ್ಲೋ ಹೇಳಿದ್ದನ್ನು ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಂಡು, ಆಮೇಲೆ ಕನ್ನಡಕ್ಕೆ ತನ್ನಿ. ತಂದೆಯ ಸ್ವಂತ ಮಾತನ್ನು ಮಾತ್ರ ತಿದ್ದಬಾರದು. ನನ್ನ ಅಪ್ಪ “ಅವಸರ ಯಾಕ? ಅಳತಿ ಇನ್ನೊಮ್ಮೆ ತಗೋ” ಎನ್ನುತ್ತಿದ್ದರು; ಅದನ್ನು ಗ್ರಾಂಥಿಕ ಕನ್ನಡಕ್ಕೆ ತಿರುಗಿಸಿದರೆ ಅದು ಅವರ ಮಾತಾಗಿ ಉಳಿಯುವುದಿಲ್ಲ.

ದಿನಾಂಕಗಳ ವಿಷಯದಲ್ಲಿ ಎಂಜಿನಿಯರುಗಳದೇ ವಿಧಾನವನ್ನು ಅನುಸರಿಸಬಹುದು. ಲೆವೆಲಿಂಗ್, ಅಂದರೆ ನೆಲದ ಎತ್ತರದ ಅಳತೆ, ಮಾಡುವವರು ಎತ್ತರ ಗೊತ್ತಿರುವ ಬೆಂಚ್ ಮಾರ್ಕಿನಿಂದ ಹೊರಟು, ಕೊನೆಗೆ ಮತ್ತೆ ಅಂಥದೇ ಒಂದು ಗುರುತಿಗೆ ಬಂದು ಲೆಕ್ಕ ಕೂಡುತ್ತದೆಯೇ ಎಂದು ನೋಡುತ್ತಾರೆ. ತಪ್ಪು ಮಿತಿ ಮೀರಿದ್ದರೆ ಅಳತೆಯನ್ನು ಮತ್ತೆ ಮಾಡುತ್ತಾರೆ. ಹಾಗೆಯೇ ಸರ್ವಿಸ್ ಬುಕ್, ಪಿಂಚಣಿ ಆದೇಶ, ಮದುವೆಯ ಲಗ್ನಪತ್ರಿಕೆ ಇವುಗಳನ್ನು ಗುರುತುಗಳಾಗಿಟ್ಟುಕೊಂಡು, ನಡುವಿನ ನೆನಪುಗಳನ್ನು ಅವುಗಳಿಗೆ ತಾಳೆ ಹಾಕಿ. ಜನ್ಮದಿನ ಜೂನ್ 1 ಎಂದಿದ್ದರೆ ಅದು ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡದ್ದಿರಬಹುದು. ಜಾತಕದ ತಿಥಿ ಸಿಕ್ಕರೆ ಎರಡನ್ನೂ ನಮೂದಿಸಿ.

ಬರೆದದ್ದನ್ನು ಮೊದಲು ಅಮ್ಮನಿಗೆ ಓದಿ ಹೇಳಿ, ಅವರು ಬೇಡವೆಂದದ್ದನ್ನು ತೆಗೆಯಿರಿ. ಅವರು ಮನೆ ನಡೆಸಿದ ಆ ವರ್ಷಗಳು ತಂದೆಯ ಕಥೆಯ ಒಳಗೇ ಬರಬೇಕು. ಒಂದು ಕೃತಜ್ಞತೆಯ ಸಾಲಿಗೆ ಮುಗಿಸಬಾರದು. ಮುದ್ರಿಸುವಾಗ ಕೊನೆಗೆ ನಾಲ್ಕು ಖಾಲಿ ಹಾಳೆ ಬಿಡಿಸಿ. ನಮ್ಮಲ್ಲಿ ವರ್ಷಾಂತಿಕದ ದಿನ ಚಿಪಳೂಣದಿಂದ ಬಂದಿದ್ದ ಹಿರಿಯ ಮುಕಾದಮರೊಬ್ಬರು (ಕೂಲಿಗಾರರ ಮೇಸ್ತ್ರಿ) ಅಮ್ಮನ ಪ್ರತಿಯ ಆ ಹಾಳೆಯಲ್ಲಿ ಮರಾಠಿಯಲ್ಲಿ ಎರಡು ಸಾಲು ಬರೆದರು: ಸಾಹೇಬರು ಮಳೆಯಲ್ಲಿ ತಮ್ಮ ಕೊಡೆಯನ್ನು ಉಪಕರಣದ ಮೇಲೆ ಹಿಡಿಸುತ್ತಿದ್ದರು, ತಾವು ನೆನೆಯುತ್ತಿದ್ದರು. ಅದರ ಕನ್ನಡವನ್ನು ತಂಗಿ ಎದುರಿನ ಪುಟದಲ್ಲಿ ಬರೆದಿದ್ದಾಳೆ.