ರಾಯಚೂರಿನ ಬಿಸಿಲು, ನೋಯುವ ಬೆರಳು, ಇಂಜೆಕ್ಷನ್ ಪೆನ್ನು: ನನ್ನ ಅನುಭವ

ಕೀಲುಗಳು ಊದಿ ನೋಯುವ ರುಮಟಾಯ್ಡ್ ಸಂಧಿವಾತಕ್ಕೆಂದು ವೈದ್ಯರು ಅಡಾಲಿಮುಮ್ಯಾಬ್ ಎಂಬ, ಉರಿಯೂತ ತಗ್ಗಿಸುವ ಔಷಧ ಬರೆದುಕೊಟ್ಟಾಗಿನಿಂದ, ಎರಡು ವಾರಕ್ಕೊಮ್ಮೆ 40 ಮಿಲಿಗ್ರಾಂ ಔಷಧವೂ ಸೂಜಿಯೂ ಒಳಗೇ ಇರುವ ಇಂಜೆಕ್ಷನ್ ಪೆನ್ನನ್ನು ರಾಯಚೂರಿನ ನಮ್ಮ ಮನೆಯಲ್ಲಿ ನಾನೇ ಚುಚ್ಚಿಕೊಳ್ಳುತ್ತೇನೆ. ಇದೇ ಚಿಕಿತ್ಸೆಯಲ್ಲಿರುವ ಪರಿಚಿತರು ಪೆನ್ನು ಕೆಟ್ಟಿದೆ ಎಂದು ಗಾಬರಿಯಿಂದ ಫೋನ್ ಮಾಡುವುದುಂಟು. ವಿಚಾರಿಸಿ ನೋಡಿದರೆ ಹೆಚ್ಚಿನ ಸಲ ಪೆನ್ನು ಸರಿಯಾಗಿಯೇ ಇರುತ್ತದೆ. ಊದಿದ ಬೆರಳುಗಳಿಗೆ ಹಿಡಿತ ಸಿಕ್ಕಿರುವುದಿಲ್ಲ, ಇಲ್ಲವೆ ಔಷಧವನ್ನು ನಮ್ಮೂರಿನ ಸೆಕೆಯಿಂದ ಕಾಪಾಡಿರುವುದಿಲ್ಲ.

ಗುಂಡಿ ಒತ್ತಿದರೂ ಏನೂ ಆಗಲಿಲ್ಲ ಎಂಬುದು ನಾನು ಪದೇಪದೇ ಕೇಳುವ ದೂರು. ನನ್ನ ಪೆನ್ನಿನಲ್ಲಿ ಸೂಜಿಯ ಸುತ್ತ ಒಂದು ರಕ್ಷಾಕವಚವಿದೆ. ಅದು ಚರ್ಮಕ್ಕೆ ಒತ್ತಿಕೊಂಡು ಪೂರ್ತಿ ಒಳಗೆ ಸರಿಯುವವರೆಗೂ ಗುಂಡಿ ಅಲುಗಾಡುವುದಿಲ್ಲ. ಪೆನ್ನನ್ನು ಓರೆಯಾಗಿ ಹಿಡಿದರೆ ಅಥವಾ ನೋವಿನಿಂದ ಕೈ ಸಡಿಲವಾದರೆ ಕವಚ ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ನಾನು ಪೆನ್ನನ್ನು ಬರೆಯುವ ಹಾಗೆ ಬೆರಳ ತುದಿಯಲ್ಲಿ ಹಿಡಿಯುವುದಿಲ್ಲ. ಇಡೀ ಮುಷ್ಟಿಯಲ್ಲಿ ಹಿಡಿದು, ತೊಡೆಯ ಮುಂಭಾಗದಲ್ಲಿ ನೆಟ್ಟಗೆ ನಿಲ್ಲಿಸಿ, ತೋಳಿನ ಭಾರ ಬಿಟ್ಟು ಒತ್ತಿದ ಮೇಲೆಯೇ ಹೆಬ್ಬೆರಳಿನಿಂದ ಗುಂಡಿ ಅದುಮುತ್ತೇನೆ. ಹೆಬ್ಬೆರಳು ತೀರಾ ನೋಯುವ ದಿನ ಇನ್ನೊಂದು ಅಂಗೈಯನ್ನು ಅದರ ಮೇಲಿಟ್ಟು ಒತ್ತಿದರೂ ಆಗುತ್ತದೆ. ಗುಂಡಿಯೇ ಇಲ್ಲದೆ ಬರೀ ಒತ್ತಿದರೆ ಕೆಲಸ ಮಾಡುವ ಪೆನ್ನುಗಳೂ ಇವೆ. ಹೀಗಾಗಿ ಔಷಧ ಅಂಗಡಿಯವರು ಬೇರೆ ಕಂಪನಿಯ ಪೆನ್ನು ಕೊಟ್ಟಾಗ ಅದರೊಳಗಿನ ಕರಪತ್ರವನ್ನು ಹೊಸದಾಗಿ ಓದಲೇಬೇಕು.

ಮುಚ್ಚಳ ಕೀಳುವುದು ನಮ್ಮಂಥ ಕೈಗಳಿಗೆ ಇನ್ನೊಂದು ಕಷ್ಟ. ಪಾತ್ರೆ ತೊಳೆಯಲು ಹಾಕಿಕೊಳ್ಳುವ ರಬ್ಬರ್ ಕೈಗವಸನ್ನು ಒಣಗಿಸಿ ಇಟ್ಟುಕೊಂಡಿದ್ದೇನೆ; ಅದನ್ನು ಹಾಕಿಕೊಂಡರೆ ಮುಚ್ಚಳ ಜಾರುವುದಿಲ್ಲ. ನನ್ನ ಪೆನ್ನಿನ ಮುಚ್ಚಳವನ್ನು ತಿರುಚದೆ ನೇರವಾಗಿ ಎಳೆಯಬೇಕು, ಒಮ್ಮೆ ತೆಗೆದದ್ದನ್ನು ಮತ್ತೆ ಹಾಕಬಾರದು. ಬೆಳಗಿನ ಹೊತ್ತು ಕೀಲುಗಳು ಬಿಗಿದುಕೊಂಡಿರುವುದರಿಂದ ನಾನು ಸಂಜೆಯನ್ನೇ ಆರಿಸಿಕೊಂಡಿದ್ದೇನೆ.

ಗುಂಡಿ ಒತ್ತಿ ಮೊದಲ ಸದ್ದು ಕೇಳಿದೊಡನೆ ಪೆನ್ನನ್ನು ಎತ್ತಿಬಿಡಬೇಕೆನ್ನಿಸುತ್ತದೆ. ಔಷಧ ಒಳಗೆ ಹೋಗತೊಡಗುವುದೇ ಆಗ. ನನಗೆ ಮೊದಲು ಕಲಿಸಿದ ನರ್ಸ್, "ಅಮ್ಮಾರ, ಸದ್ದಿಗೆ ಎತ್ತಬ್ಯಾಡ್ರಿ, ಕಿಟಕಿ ತುಂಬಾ ಹಳದಿ ಬರ್ಲಿ, ಆಮ್ಯಾಲೂ ಸ್ವಲ್ಪ ಹಿಡೀರಿ" ಎಂದಿದ್ದರು. ಕಿಟಕಿಯೆಂದರೆ ಪೆನ್ನಿನ ಬದಿಯಲ್ಲಿ ಒಳಗಿನ ಔಷಧ ಕಾಣುವ ಪುಟ್ಟ ಪಾರದರ್ಶಕ ಭಾಗ; ಔಷಧ ಹೋದಂತೆ ಅಲ್ಲಿ ಹಳದಿ ಪಟ್ಟಿಯೊಂದು ಸರಿದು ಬರುತ್ತದೆ. ಆ ಪಟ್ಟಿ ಕಿಟಕಿಯನ್ನು ಪೂರ್ತಿ ತುಂಬಿ ನಿಲ್ಲುವವರೆಗೆ ಕಣ್ಣು ಕದಲಿಸದೆ ನೋಡುತ್ತಾ ಮನಸ್ಸಿನಲ್ಲೇ ನಿಧಾನವಾಗಿ ಹದಿನೈದು ಎಣಿಸುತ್ತೇನೆ. ತೆಗೆದ ಮೇಲೆ ಚರ್ಮದ ಮೇಲೆ ಒಂದು ಸಣ್ಣ ಹನಿ ಕಂಡರೆ ಚಿಂತೆಯಿಲ್ಲ; ಔಷಧದಲ್ಲಿ ಚಿಕ್ಕ ಗಾಳಿಗುಳ್ಳೆ ಇದ್ದರೂ ಪರವಾಗಿಲ್ಲ. ಆದರೆ ಕಾಲು ತೋಯುವಷ್ಟು ಔಷಧ ಸೋರಿದರೆ ಅಥವಾ ಕಿಟಕಿ ಅರ್ಧಕ್ಕೇ ನಿಂತರೆ, ಕೊರತೆ ತುಂಬಿಸಲೆಂದು ಇನ್ನೊಂದು ಪೆನ್ನನ್ನು ಸ್ವಂತ ನಿರ್ಧಾರದಿಂದ ಎಂದೂ ಚುಚ್ಚಿಕೊಳ್ಳಬಾರದು. ಎಷ್ಟು ಒಳಗೆ ಹೋಗಿದೆ ಎಂಬುದು ನಮಗೆ ತಿಳಿಯುವುದಿಲ್ಲ. ಅಂಥ ಪೆನ್ನನ್ನು ಎಸೆಯದೆ, ಕಿಟಕಿಯ ಫೋಟೊ ತೆಗೆದು, ಬ್ಯಾಚ್ ಸಂಖ್ಯೆ ಬರೆದುಕೊಂಡು ವೈದ್ಯರಿಗೂ ಕಂಪನಿಯ ಸಹಾಯವಾಣಿಗೂ ತಿಳಿಸಬೇಕು.

ಇನ್ನು ಸೆಕೆಯ ಮಾತು. ಈ ಔಷಧವನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು. ಫ್ರಿಜ್‌ನಿಂದ ಹೊರಗೆ ಇಡಬೇಕಾಗಿ ಬಂದರೆ 25 ಡಿಗ್ರಿ ಮೀರದ ಕಡೆ ಹದಿನಾಲ್ಕು ದಿನದವರೆಗೆ ಇಡಬಹುದೆಂದು ನನ್ನ ಪೆನ್ನಿನ ಕರಪತ್ರ ಹೇಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಫ್ಯಾನ್ ತಿರುಗುವ ಕೋಣೆಯೂ 25ಕ್ಕೆ ಇಳಿಯುವುದಿಲ್ಲವಾದ್ದರಿಂದ, ಆ ರಿಯಾಯಿತಿ ನಮಗೆ ಬೇಸಿಗೆಯಲ್ಲಿ ಇಲ್ಲವೆಂದೇ ತಿಳಿಯಬೇಕು. ಪೆಟ್ಟಿಗೆಯ ಸಮೇತ ಫ್ರಿಜ್‌ನ ನಡುವಿನ ಹಲಗೆಯ ಮೇಲೆ ಇಡುತ್ತೇನೆ; ಬಾಗಿಲಿನಲ್ಲಿಟ್ಟರೆ ತೆರೆದಾಗಲೆಲ್ಲ ಬಿಸಿಗಾಳಿ ತಾಕುತ್ತದೆ, ಒಂಟಿ ಬಾಗಿಲಿನ ಫ್ರಿಜ್‌ನಲ್ಲಿ ಮಂಜುಗಡ್ಡೆಯ ಅರೆಯ ಕೆಳಗೇ ಇಟ್ಟರೆ ಹೆಪ್ಪುಗಟ್ಟುವ ಅಪಾಯವಿದೆ. ಹೆಪ್ಪುಗಟ್ಟಿದ ಪೆನ್ನು ಕರಗಿ ಮೊದಲಿನಂತೆ ಕಂಡರೂ ಬಳಸುವಂತಿಲ್ಲ. ಕರೆಂಟು ಹೋದಾಗ ಮನೆಯವರಾರೂ ಫ್ರಿಜ್ ತೆರೆಯುವುದಿಲ್ಲ. ಹೈದರಾಬಾದಿನಿಂದ ರೈಲಿನಲ್ಲಿ ಪೆನ್ನು ತರುವಾಗ ತಂಪು ಪೆಟ್ಟಿಗೆಯೊಳಗೆ ಐಸ್ ಪ್ಯಾಕ್ ಮತ್ತು ಪೆನ್ನಿನ ನಡುವೆ ದಪ್ಪ ಟವೆಲ್ ಇರುವಂತೆ ನೋಡಿಕೊಳ್ಳುತ್ತೇನೆ.

ತಣ್ಣಗಿನ ಔಷಧ ಹೆಚ್ಚು ಉರಿಯುತ್ತದೆಂದು, ಚುಚ್ಚಿಕೊಳ್ಳುವ ಮೊದಲು ಮುಚ್ಚಳ ತೆಗೆಯದೆ ಕಾಲು ಗಂಟೆಯಿಂದ ಅರ್ಧ ಗಂಟೆ ಹೊರಗಿಡುತ್ತೇನೆ. ಬಿಸಿನೀರಿನಲ್ಲಿ ಅದ್ದುವುದು, ಬಿಸಿಲಿಗಿಡುವುದು ಎರಡೂ ಕೂಡದು. ಸಲ ಸಲಕ್ಕೂ ಜಾಗ ಬದಲಿಸಿ, ಯಾವ ತೊಡೆ ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ. ಹೊಟ್ಟೆಯಾದರೆ ಹೊಕ್ಕುಳಿನಿಂದ ಐದು ಸೆಂಟಿಮೀಟರ್ ದೂರ ಬಿಡಬೇಕು. ಈ ಔಷಧ ಸೋಂಕನ್ನು ಎದುರಿಸುವ ಶಕ್ತಿಯನ್ನು ತಗ್ಗಿಸುತ್ತದೆ. ಆದ್ದರಿಂದ ಜ್ವರವೋ ಕೀವು ತುಂಬಿದ ಗಾಯವೋ ಇದ್ದರೆ ವೈದ್ಯರನ್ನು ಕೇಳದೆ ಪೆನ್ನು ಮುಟ್ಟುವುದಿಲ್ಲ.

ಬಳಸಿದ ಪೆನ್ನುಗಳನ್ನು ದಪ್ಪ ಪ್ಲಾಸ್ಟಿಕ್ಕಿನ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಮೇಲೆ 'ಸೂಜಿ' ಎಂದು ಬರೆದಿಡುತ್ತೇನೆ. ಮನೆಯ ಕಸದ ಜೊತೆ ಹೋದರೆ ಅದು ಸೇರುವುದು ಪೌರಕಾರ್ಮಿಕರ ಕೈಗೆ. ಡಬ್ಬಿ ತುಂಬುವ ಮೊದಲೇ, ತಪಾಸಣೆಗೆ ಹೋದಾಗ, ಆಸ್ಪತ್ರೆಯಲ್ಲಿ ಸೂಜಿಗಳನ್ನು ವಿಲೇವಾರಿ ಮಾಡುವ ವಿಭಾಗಕ್ಕೆ ಒಪ್ಪಿಸಿ ಬರುತ್ತೇನೆ.