ವರ್ಷ ದಾಟಿದ ಮಗುವಿಗೆ ಹಾಲು ಬಿಡಿಸುವುದು

"ಇನ್ನೂ ಹಾಲು ಕುಡಿಸ್ತೀಯಾ?" ವರ್ಷ ದಾಟಿದ ಮಗು ಮಡಿಲಲ್ಲಿದ್ದರೆ ಈ ಪ್ರಶ್ನೆ ಬಂದೇ ಬರುತ್ತದೆ. ಮದುವೆಮನೆಯಲ್ಲಂತೂ ಜಾಸ್ತಿ. "ಹೌದು ದೊಡ್ಡಮ್ಮ, ಕುಡಿಸ್ತೀನಿ" ಅಂತ ಹೇಳಿ ನಾನು ಊಟಕ್ಕೆ ಏಳುತ್ತಿದ್ದೆ. ವಿಶ್ವ ಆರೋಗ್ಯ ಸಂಸ್ಥೆಯೇ ಮೊದಲ 6 ತಿಂಗಳು ಎದೆಹಾಲು ಮಾತ್ರ, ಆಮೇಲೆ ಊಟದ ಜೊತೆ 2 ವರ್ಷ ಅಥವಾ ಅದಕ್ಕೂ ಮುಂದೆ ಕುಡಿಸಬಹುದು ಅನ್ನುತ್ತದೆ. ವರ್ಷ ಆದ ಮೇಲೆ ಹಾಲಲ್ಲಿ ಸತ್ವ ಇರಲ್ಲ ಅನ್ನುವುದು ಸುಳ್ಳು. ಆದರೆ ಮಗು ಹಾಲಲ್ಲೇ ಹೊಟ್ಟೆ ತುಂಬಿಸಿಕೊಂಡು ಅನ್ನ, ಬೇಳೆ, ಸೊಪ್ಪು ಮುಟ್ಟದಿದ್ದರೆ ರಕ್ತ ಕಡಿಮೆಯಾಗುತ್ತದೆ.

ಯಾವಾಗ ಬಿಡಿಸಬೇಕು? ನಿಮಗೆ ಸಾಕು ಅನ್ನಿಸಿದೆಯಾ, ಅಷ್ಟೇ ಕಾರಣ ಸಾಕು. ಮಗುವಿಗೆ ಜ್ವರ, ಭೇದಿ ಇದ್ದಾಗ, ಆಗಷ್ಟೇ ಅಂಗನವಾಡಿಗೆ ಸೇರಿಸಿದಾಗ ಬೇಡ. ಮತ್ತೆ ಬಸಿರಾದರೆ ತಕ್ಷಣ ನಿಲ್ಲಿಸಲೇಬೇಕು ಅಂತಿಲ್ಲ. ಹಿಂದೆ ಗರ್ಭಪಾತವೋ ತಿಂಗಳು ತುಂಬುವ ಮೊದಲೇ ಹೆರಿಗೆಯೋ ಆಗಿದ್ದರೆ ಡಾಕ್ಟರನ್ನು ಕೇಳಿ.

ಒಂದೊಂದೇ ಹೊತ್ತು ಬಿಡಿಸಿ. ಮಧ್ಯಾಹ್ನ ಬೇಜಾರಿಗೆ ಕುಡಿಯುವುದು ಮೊದಲು ಹೋಗಲಿ. ನೀವಾಗಿ ಕೊಡಬೇಡಿ, ಹಟ ಮಾಡಿ ಕೇಳಿದರೆ ಇಲ್ಲ ಅನ್ನಬೇಡಿ. ಆ ಹೊತ್ತಿಗೆ ನಾನು ಮಂಚದ ಕಡೆ ಹೋಗುತ್ತಲೇ ಇರಲಿಲ್ಲ. ಮಗಳನ್ನು ಎತ್ತಿಕೊಂಡು ಪಕ್ಕದ ಮನೆ ಕರು ನೋಡಲು ಹೊರಡುತ್ತಿದ್ದೆ, ಕೈಯಲ್ಲಿ ಒಂದು ಬಾಳೆಹಣ್ಣು. ನಾಲ್ಕೈದು ದಿನ ಕಳೆದ ಮೇಲೆ ಇನ್ನೊಂದು ಹೊತ್ತು.

ರಾತ್ರಿಯದೇ ಕಷ್ಟ, ಅದು ಕೊನೆಗಿರಲಿ. ಜಿಪ್ ಇರುವ ನೈಟಿ ಕಂಡರೆ ಮಗಳಿಗೆ ಹಾಲು ನೆನಪಾಗುತ್ತಿತ್ತು. ಹಾಗಾಗಿ ನಾನು ಚೂಡಿದಾರ್ ಹಾಕಿಕೊಂಡು ಅತ್ತೆಯ ಕೋಣೆಯಲ್ಲಿ ಮಲಗಿದೆ. ನಮ್ಮನೆಯವರು ಅವಳನ್ನು ಹೆಗಲಿಗೆ ಹಾಕಿಕೊಂಡು ತಾರಸಿ ಮೇಲೆ ಓಡಾಡಿಸಿದರು. ಅತ್ತಳು, ಅತ್ತೇ ಅತ್ತಳು. ಆದರೆ ಅಪ್ಪನ ಹೆಗಲ ಮೇಲೆ ಅತ್ತಳು, ಒಬ್ಬಳೇ ಅಲ್ಲ. "ಬೆಳಕಾದ ಮೇಲೆ ಕುಡಿಯೋಣ" ಅಂತ ಹಗಲಲ್ಲೇ ಹೇಳಿಟ್ಟಿದ್ದೆವು. ಎರಡು ವರ್ಷದ ಮಗುವಿಗೆ ಅದು ಅರ್ಥವಾಗುತ್ತದೆ.

ಬೇವಿನ ಸೊಪ್ಪು ಅರೆದು ಹಚ್ಚು ಅಂತ ಹೇಳುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ನನಗೆ ಒಪ್ಪಿಗೆಯಾಗಲಿಲ್ಲ. ನಿನ್ನೆ ತನಕ ಸಮಾಧಾನ ಮಾಡಿದ್ದು ಇವತ್ತು ಸುಮ್ನೆ ಕಹಿಯಾದರೆ ಮಗು ಏನಂದುಕೊಳ್ಳಬೇಕು, ಅಲ್ವಾ?

ಹಾಲು ಕಟ್ಟಿಕೊಂಡು ಎದೆ ಗಟ್ಟಿಯಾದರೆ ಹಗುರಾಗುವಷ್ಟು ಮಾತ್ರ ಹಿಂಡಿ ತೆಗೆಯಿರಿ. ಪೂರ್ತಿ ಖಾಲಿ ಮಾಡಿದರೆ ಮತ್ತೆ ಅಷ್ಟೇ ತುಂಬುತ್ತದೆ. ತಣ್ಣೀರಲ್ಲಿ ಅದ್ದಿದ ಬಟ್ಟೆ ಹಾಕಿ. ನಮ್ಮ ಕಡೆ ಎದೆಗೆ ಮಲ್ಲಿಗೆ ಹೂ ಇಟ್ಟುಕೊಳ್ಳುವ ರೂಢಿಯೂ ಇದೆ. ಬಿಗಿಯಾಗಿ ಬಟ್ಟೆ ಮಾತ್ರ ಕಟ್ಟಬೇಡಿ. ಒಂದು ಕಡೆ ಕೆಂಪಾಗಿ, ನೋವು, ಚಳಿಜ್ವರ ಬಂದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಎದೆಹಾಲು ಬಿಟ್ಟಿತು ಅಂತ ಲೋಟಗಟ್ಟಲೆ ಹಸುವಿನ ಹಾಲು ಕುಡಿಸಬೇಡಿ. ದಿನಕ್ಕೆ ಅರ್ಧ ಲೀಟರ್ ದಾಟಿದರೆ ಮಗು ಊಟ ಮಾಡುವುದಿಲ್ಲ.