ಕಣದ ಬಿಸಿಲಿಗೆ ಗಾಡಿ ಕಟ್ಟುವುದು ಹೇಗೆ?

ಹೋದ ಜನವರಿಯಲ್ಲಿ ಕಾಫಿ ಒಣ ಹಾಕಿದ್ದಾಗ ಪಕ್ಕದ ತೋಟದ ಹುಡುಗ ಹೊಸ ಎಲೆಕ್ಟ್ರಿಕ್ ಸ್ಕೂಟರ್ ತಂದು ನಮ್ಮ ಕಣದ ಅಂಚಿಗೆ ನಿಲ್ಲಿಸಿದ. "ಅಂಕಲ್, ಇದರ ಮೇಲೇ ಒಂದು ಸೋಲಾರ್ ಪ್ಯಾನೆಲ್ ಕಟ್ಟಿಬಿಟ್ರೆ ಚಾರ್ಜರ್ ಹೊತ್ಕೊಂಡು ತಿರುಗೋದು ತಪ್ಪುತ್ತಲ್ವಾ?" ಎಂದ.

"ಕಟ್ಟು ಮಾರಾಯ, ಆದ್ರೆ ಮೊದಲು ಅಳತೆ ನೋಡು" ಎಂದೆ. ಈಗ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 540 ವ್ಯಾಟಿನ ಪ್ಯಾನೆಲ್ ಸುಮಾರು 2.3 ಮೀಟರ್ ಉದ್ದ, 1.1 ಮೀಟರ್ ಅಗಲ. ಹೆಬ್ಬಾಗಿಲಿನ ಕದಕ್ಕಿಂತ ದೊಡ್ಡದು. ತೂಕ 28 ಕೆ.ಜಿ. ಆಸುಪಾಸು. ಅದನ್ನು ತಲೆಯ ಮೇಲೆ ಹೊತ್ತ ಸ್ಕೂಟರ್ ಮಡಿಕೇರಿ ರಸ್ತೆಯ ತಿರುವಿನಲ್ಲಿ ಗಾಳಿಗೆ ಸಿಕ್ಕರೆ ಸವಾರನ ಸಮೇತ ಪಕ್ಕದ ತೋಟದೊಳಗೆ ಇರುತ್ತದೆ. ಹುಡುಗ ನಕ್ಕ. ಆದರೆ ಅವನ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ. ಎಪ್ಪತ್ತು ವರ್ಷಗಳಿಂದ ಜಗತ್ತಿನ ದೊಡ್ಡ ದೊಡ್ಡ ಇಂಜಿನಿಯರುಗಳೂ ಇದೇ ಪ್ರಶ್ನೆಯ ಹಿಂದೆ ಬಿದ್ದಿದ್ದಾರೆ.

ಮೊದಲು, ಬೆಳಕು ಚಕ್ರ ತಿರುಗಿಸುವುದು ಹೇಗೆ

ಪ್ಯಾನೆಲ್ಲಿನೊಳಗೆ ಇರುವುದು ಸಿಲಿಕಾನಿನ ತೆಳು ಬಿಲ್ಲೆಗಳು. ಒಂದೊಂದು ಬಿಲ್ಲೆಯಲ್ಲೂ ಎರಡು ಪದರ: ಒಂದಕ್ಕೆ ಚೂರು ರಂಜಕ ಬೆರೆಸಿರುತ್ತಾರೆ, ಇನ್ನೊಂದಕ್ಕೆ ಚೂರು ಬೋರಾನ್. ಬೆಳಕು ಬಿದ್ದಾಗ ಸಿಲಿಕಾನಿಗೆ ಅಂಟಿಕೊಂಡಿದ್ದ ಎಲೆಕ್ಟ್ರಾನುಗಳು ಕಿತ್ತು ಬರುತ್ತವೆ. ಎರಡು ಪದರ ಕೂಡುವ ಗಡಿ ಗದ್ದೆಯ ಏರಿಯಲ್ಲಿ ಬಿಟ್ಟ ಕಂಡಿಯಂತೆ. ಬಿಡುಗಡೆಯಾದ ಎಲೆಕ್ಟ್ರಾನುಗಳನ್ನು ಅದು ಒಂದೇ ದಿಕ್ಕಿಗೆ ತಳ್ಳುತ್ತದೆ. ತಂತಿ ಜೋಡಿಸಿದರೆ ಆ ಹರಿವೇ ಕರೆಂಟು.

ಬೆಳಕಿನಿಂದ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು ಫ್ರಾನ್ಸಿನ ಎಡ್ಮಂಡ್ ಬೆಕರೆಲ್ 1839ರಲ್ಲೇ ಕಂಡಿದ್ದ. ಕೆಲಸಕ್ಕೆ ಬರುವಂಥ ಸಿಲಿಕಾನ್ ಕೋಶ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ತಯಾರಾದದ್ದು 1954ರಲ್ಲಿ. ಅದು ಬಿದ್ದ ಬಿಸಿಲಿನ ನೂರರಲ್ಲಿ ಆರು ಪಾಲನ್ನಷ್ಟೇ ಕರೆಂಟು ಮಾಡುತ್ತಿತ್ತು. ಇವತ್ತಿನ ಪ್ಯಾನೆಲ್ ಇಪ್ಪತ್ತೊಂದರ ಸುಮಾರಿಗೆ ಬಂದಿದೆ.

ಈ ಕರೆಂಟು ನೇರ ಮೋಟಾರಿಗೆ ಹೋಗುವುದಿಲ್ಲ. ಮೋಡ ಅಡ್ಡ ಬಂದರೆ ಗಾಡಿ ನಡುರಸ್ತೆಯಲ್ಲಿ ನಿಂತೀತಲ್ಲ! ಹಾಗಾಗಿ ಮಧ್ಯೆ ಬ್ಯಾಟರಿ ಬೇಕು. ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಎಂಪಿಪಿಟಿ ಎನ್ನುವ ಕಂಟ್ರೋಲರ್ ಇರುತ್ತದೆ. ನಮ್ಮ ತೋಟದ ಜೀಪಿನ ಡ್ರೈವರ್ ಏರು, ಭಾರ, ಕೆಸರು ನೋಡಿ ಗೇರ್ ಬದಲಿಸುವ ಹಾಗೆ, ಇದು ಬಿಸಿಲು ನೋಡಿ ವೋಲ್ಟೇಜು ಮತ್ತು ಕರೆಂಟಿನ ಹದ ಬದಲಿಸುತ್ತ ಪ್ಯಾನೆಲ್ಲಿನಿಂದ ಆ ಕ್ಷಣಕ್ಕೆ ಸಿಗುವ ಗರಿಷ್ಠ ಶಕ್ತಿಯನ್ನು ಎಳೆದು ಕೊಡುತ್ತದೆ. ದುಡ್ಡು ಉಳಿಸಲು ಹೋಗಿ ಇದರ ಬದಲು, ಹೀಗೆ ಹದ ಬದಲಿಸಲು ಬಾರದ ಅಗ್ಗದ ಪಿಡಬ್ಲ್ಯೂಎಂ ಕಂಟ್ರೋಲರ್ ತಂದು ನಾನೊಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಹೆಚ್ಚು ವೋಲ್ಟೇಜಿನ ದೊಡ್ಡ ಪ್ಯಾನೆಲ್ಲನ್ನು ಅದಕ್ಕೆ ಕೊಟ್ಟರೆ ಅರ್ಧಕ್ಕರ್ಧ ಶಕ್ತಿ ಪೋಲು.

ಗಾಡಿಯ ತಲೆಯ ಮೇಲೆ ಯಾಕೆ ಸಾಲದು

1955ರಲ್ಲಿ ಜನರಲ್ ಮೋಟಾರ್ಸಿನ ವಿಲಿಯಂ ಕಾಬ್ ಷಿಕಾಗೋ ಪ್ರದರ್ಶನವೊಂದರಲ್ಲಿ 'ಸನ್‌ಮೊಬೈಲ್' ಓಡಿಸಿ ತೋರಿಸಿದ. ಉದ್ದ 15 ಇಂಚು, ಮಕ್ಕಳ ಆಟಿಕೆಯಷ್ಟು. ಮನುಷ್ಯ ಕೂತು ದೂರ ಹೋದದ್ದಕ್ಕೆ 1982ರ ಕೊನೆಯವರೆಗೆ ಕಾಯಬೇಕಾಯಿತು. ಆಗ ಹಾನ್ಸ್ ಥೋಲ್‌ಸ್ಟ್ರಪ್ ಮತ್ತು ಲ್ಯಾರಿ ಪರ್ಕಿನ್ಸ್ ಆಸ್ಟ್ರೇಲಿಯಾದ ಪರ್ತ್‌ನಿಂದ ಸಿಡ್ನಿಗೆ ಸುಮಾರು 4,000 ಕಿ.ಮೀ. ದಾರಿಯನ್ನು ಸೌರ ಕಾರಿನಲ್ಲಿ 20 ದಿನದೊಳಗೆ ಮುಗಿಸಿದರು. ಅದೇ ಥೋಲ್‌ಸ್ಟ್ರಪ್ ಹುಟ್ಟುಹಾಕಿದ ಡಾರ್ವಿನ್–ಅಡಿಲೇಡ್ ಪಂದ್ಯ 1987ರಲ್ಲಿ ಶುರುವಾಯಿತು. ಮೊದಲ ವರ್ಷ ಗೆದ್ದ 'ಸನ್‌ರೇಸರ್'ನ ಸರಾಸರಿ ವೇಗ ಗಂಟೆಗೆ 66.9 ಕಿ.ಮೀ. 2005ರಲ್ಲಿ ಡಚ್ ವಿದ್ಯಾರ್ಥಿಗಳ 'ನೂನಾ 3' ಅದನ್ನು 102.75ಕ್ಕೆ ಏರಿಸಿತು. ಸಂಘಟಕರೇ ಹೆದರಿ ಮುಂದಿನ ಪಂದ್ಯದಿಂದ ಪ್ಯಾನೆಲ್ಲಿನ ವಿಸ್ತೀರ್ಣಕ್ಕೆ ಕತ್ತರಿ ಹಾಕಿದರು!

ಇದನ್ನೆಲ್ಲ ಕೇಳಿದರೆ ನಾಳೆಯೇ ನಮ್ಮ ಕಾರಿಗೂ ಆದೀತು ಅನ್ನಿಸುತ್ತದೆ. ಆದರೆ ಪಂದ್ಯದ ಆ ಗಾಡಿಗಳಲ್ಲಿ ಒಬ್ಬ ಚಾಲಕ ಮುದುರಿಕೊಂಡು ಕೂರಬೇಕು. ಗಾಡಿಯ ತೂಕ ಒಂದು ಬುಲೆಟ್ ಬೈಕಿನಷ್ಟು. ಆಕಾರ ಗಾಳಿಯನ್ನು ಸೀಳುವ ಸೌದೆಚಕ್ಕೆಯಂತೆ. ನಮ್ಮ ಮಾಮೂಲಿ ಕಾರಿನ ಮಾಡಿನ ಮೇಲೆ ಹೆಚ್ಚೆಂದರೆ ಎರಡೂವರೆ ಚದರ ಮೀಟರ್ ಜಾಗ ಸಿಗುತ್ತದೆ. ಅಂದರೆ 450–500 ವ್ಯಾಟ್. ದಿನವಿಡೀ ಒಳ್ಳೆಯ ಬಿಸಿಲಿನಲ್ಲಿ ನಿಲ್ಲಿಸಿದರೂ ಸೋರಿಕೆ ಕಳೆದು ಒಂದೂಕಾಲು ಯೂನಿಟ್ಟು, ಅಂದರೆ 1,250 ವ್ಯಾಟ್-ಅವರ್. ಚಿಕ್ಕ ಎಲೆಕ್ಟ್ರಿಕ್ ಕಾರು ಕಿಲೋಮೀಟರಿಗೆ 100ರಿಂದ 150 ವ್ಯಾಟ್-ಅವರ್ ಕುಡಿಯುತ್ತದೆ. ಹತ್ತು ಕಿಲೋಮೀಟರಿಗೆ ಲೆಕ್ಕ ಮುಗಿಯಿತು. ಪುಣೆಯ ವೇವ್ ಕಂಪನಿಯ 'ಇವಾ' ಎಂಬ ಪುಟ್ಟ ಕಾರಿನ ಸೌರ ಮಾಡಿಗೆ ಅವರೇ ಹೇಳಿಕೊಳ್ಳುವುದು ದಿನಕ್ಕೆ ಹತ್ತು ಕಿ.ಮೀ. ಮಾತ್ರ, ಉಳಿದದ್ದಕ್ಕೆ ಗೋಡೆಯ ಪ್ಲಗ್ಗೇ ಗತಿ. ನೆದರ್‌ಲ್ಯಾಂಡ್ಸಿನ 'ಲೈಟ್‌ಇಯರ್ 0' ಕಾರಿಗೆ ಐದು ಚದರ ಮೀಟರ್ ಪ್ಯಾನೆಲ್ ಹೊದಿಸಿ ದಿನಕ್ಕೆ 70 ಕಿ.ಮೀ.ವರೆಗೆ ಎಂದರು. ಬೆಲೆ ಎರಡೂವರೆ ಲಕ್ಷ ಯೂರೊ! 2022ರ ಕೊನೆಗೆ ತಯಾರಿ ಶುರುವಾಗಿ 2023ರ ಜನವರಿಯಲ್ಲೇ ನಿಂತುಹೋಯಿತು.

ತಲೆಯ ಮೇಲೆ ಪ್ಯಾನೆಲ್ ಹೊತ್ತು ನಿಜಕ್ಕೂ ಗೆದ್ದದ್ದು ನನ್ನ ಕಣ್ಣಿಗೆ ದೋಣಿ. ಕೇರಳದ ವೈಕಂನಲ್ಲಿ 2017ರಿಂದ ಓಡುತ್ತಿರುವ 'ಆದಿತ್ಯ' 75 ಜನರನ್ನು ಹೊರುತ್ತದೆ, ಮಾಡಿನ ಮೇಲೆ 20 ಕಿಲೋವ್ಯಾಟ್ ಪ್ಯಾನೆಲ್. ದೋಣಿಗೆ ಮಾಡು ದೊಡ್ಡದು, ವೇಗ ಕಡಿಮೆ, ಘಾಟಿ ಇಲ್ಲ. ನಮ್ಮದು ತದ್ವಿರುದ್ಧ. ಕುಶಾಲನಗರದ ಆಟೊಗಳಿಗಾದರೆ ಒಂದು ಮಾತು ಹೇಳಬಹುದು. ಇ-ಆಟೊದ ಮಾಡಿಗೆ 350 ವ್ಯಾಟಿನಷ್ಟು ಹಿಡಿಸುತ್ತದೆ, ಖರ್ಚು ಕಿಲೋಮೀಟರಿಗೆ 50–60 ವ್ಯಾಟ್-ಅವರ್. ಸ್ಟ್ಯಾಂಡಿನಲ್ಲಿ ನೆರಳು ಹುಡುಕದೆ ಬಿಸಿಲಿಗೆ ನಿಲ್ಲಿಸಿದರೆ ದಿನಕ್ಕೆ ಹದಿನೈದು ಕಿ.ಮೀ. ಪುಕ್ಕಟೆ. ಆದರೆ ಏಪ್ರಿಲಿನಲ್ಲಿ ಯಾವ ಆಟೊದವರು ನೆರಳು ಬಿಟ್ಟು ನಿಲ್ಲಿಸುತ್ತಾರೆ?

ನಮಗೆ ಉಳಿಯುವ ದಾರಿ ಇಷ್ಟೇ: ಪ್ಯಾನೆಲ್ ಮನೆಯಲ್ಲಿರಲಿ, ಗಾಡಿ ಅದರ ಹತ್ತಿರ ಬರಲಿ.

ನಿಮ್ಮ ಓಡಾಟದ ಲೆಕ್ಕ

ಸ್ಕೂಟರ್ ಬಯಲಲ್ಲಿ ಕಿಲೋಮೀಟರಿಗೆ ಸುಮಾರು 30 ವ್ಯಾಟ್-ಅವರ್ ತಿನ್ನುತ್ತದೆ. ನಮ್ಮ ಏರಿಳಿತಕ್ಕೆ 40 ಎಂದಿಟ್ಟುಕೊಳ್ಳಿ. ಸುಂಟಿಕೊಪ್ಪದಿಂದ ಮಡಿಕೇರಿಗೆ ಹೋಗಿ ಬರುವ 30 ಕಿ.ಮೀ.ಗೆ 1.2 ಯೂನಿಟ್. ಚಾರ್ಜರಿನಲ್ಲಿ ಬಿಸಿಯಾಗಿ ಹೋಗುವುದೂ ಸೇರಿ ಗೋಡೆಯಿಂದ ಎಳೆಯುವುದು ಒಂದೂವರೆ ಯೂನಿಟ್. ಅಂದಾಜು ಬೇಡ ಎನ್ನುವವರು ಪ್ಲಗ್ಗಿಗೆ ಸಿಕ್ಕಿಸುವ ಚಿಕ್ಕ ಮೀಟರ್ ತಂದು ಒಂದು ವಾರ ಬರೆದಿಡಿ.

ಘಾಟಿ ಎಷ್ಟು ತಿನ್ನುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಗಾಡಿ, ಸವಾರ ಸೇರಿ 180 ಕೆ.ಜಿ. ಎನ್ನಿ. ಸಂಪಾಜೆಯಿಂದ ಮಡಿಕೇರಿಗೆ ಸುಮಾರು ಸಾವಿರ ಮೀಟರ್ ಏರು. ಆ ಭಾರವನ್ನು ಅಷ್ಟು ಮೇಲಕ್ಕೆ ಎತ್ತಲಿಕ್ಕೇ ಅರ್ಧ ಯೂನಿಟ್ ಬೇಕು, ಮೋಟಾರಿನ ನಷ್ಟ ಸೇರಿ 0.6. ದಾರಿಯ ಮಾಮೂಲಿ ಖರ್ಚು ಬೇರೆ. ಇಳಿಯುವಾಗ ಮೋಟಾರು ಜನರೇಟರ್ ಆಗಿ ತಿರುಗಿ ಒಂದಿಷ್ಟನ್ನು ಬ್ಯಾಟರಿಗೆ ವಾಪಸ್ ತುಂಬುತ್ತದೆ. ಇಲ್ಲೊಂದು ಎಚ್ಚರ: ಮಡಿಕೇರಿಯಲ್ಲಿ ಪೂರ್ತಿ ಚಾರ್ಜ್ ಮಾಡಿಕೊಂಡು ಸಂಪಾಜೆ ಕಡೆ ಇಳಿಯಬೇಡಿ. ತುಂಬಿದ ಕೊಡಕ್ಕೆ ನೀರು ಹುಯ್ಯಲಾಗದು. ವಾಪಸ್ ಬರುವ ಕರೆಂಟಿಗೆ ಬ್ಯಾಟರಿಯಲ್ಲಿ ಜಾಗವಿಲ್ಲದಿದ್ದರೆ ಮೋಟಾರಿನ ಆ ಹಿಡಿತವೂ ಸಿಗುವುದಿಲ್ಲ, ಎಲ್ಲ ಭಾರ ಬ್ರೇಕಿನ ಮೇಲೆ. ಚಾರ್ಜನ್ನು ಶೇ. 85–90ಕ್ಕೆ ನಿಲ್ಲಿಸಿ.

ಜಾಗ ಹುಡುಕುವುದು

ಕೊಡಗಿನಲ್ಲಿ ಕಷ್ಟದ ಕೆಲಸ ಇದೇ. ತೋಟದ ಮನೆ ಎಂದರೆ ಸುತ್ತ ಸಿಲ್ವರ್ ಓಕ್, ಹಲಸು, ಅತ್ತಿ. ಪ್ಯಾನೆಲ್ಲಿನ ಕೋಶಗಳು ಸರಪಳಿಯಂತೆ ಒಂದರ ಹಿಂದೊಂದು ಜೋಡಿಸಿರುವುದರಿಂದ ಒಂದರ ಮೇಲೆ ನೆರಳು ಬಿದ್ದರೆ ಆ ಸಾಲಿನ ಹರಿವೇ ಕುಗ್ಗುತ್ತದೆ. ಸಾಮಾನ್ಯವಾಗಿ ಪ್ಯಾನೆಲ್ಲಿನಲ್ಲಿ ಮೂರು ಬೈಪಾಸ್ ಡಯೋಡ್ ಇರುತ್ತವೆ. ನೆರಳಾದ ಮೂರನೇ ಒಂದು ಭಾಗವನ್ನು ಅವು ಬಿಟ್ಟು ಮುಂದೆ ಹೋಗುತ್ತವೆ, ಅಷ್ಟೆ. ನನ್ನ ಮೊದಲ ಪ್ಯಾನೆಲ್ಲನ್ನು ಮನೆಯ ಹಂಚಿನ ಮಾಡಿಗೆ ಹಾಕಿಸಿ, ಮೂರು ಗಂಟೆಯಾಗುತ್ತಲೇ ಒಂದು ಓಕ್ ಮರದ ಕಡ್ಡಿಯಂಥ ನೆರಳು ಬಿದ್ದು ಕರೆಂಟು ಇಳಿಯುವುದನ್ನು ತಿಂಗಳುಗಟ್ಟಲೆ ನೋಡುತ್ತ ಕೂತಿದ್ದೆ. ಮರ ಕಡಿಸಲು ಮನಸ್ಸಿಲ್ಲ, ಅದರ ಮೇಲೆ ಮೆಣಸಿನ ಬಳ್ಳಿ ಬೇರೆ.

ಆಮೇಲೆ ಹೊಳೆಯಿತು: ಜಾಗ ಹುಡುಕುವ ಕೆಲಸವನ್ನು ಅಜ್ಜಂದಿರೇ ಮಾಡಿಟ್ಟಿದ್ದಾರೆ. ಬೆಳಗಿನ ಮಂಜು ಮೊದಲು ಎಲ್ಲಿ ಕರಗುತ್ತದೆ, ಸಂಜೆ ಗುಡ್ಡದ ನೆರಳು ಕೊನೆಗೆ ಎಲ್ಲಿ ತಲುಪುತ್ತದೆ ಎಂದು ನೋಡಿ ನೋಡಿಯೇ ಅವರು ಕಣಕ್ಕೆ ಜಾಗ ಹಿಡಿದದ್ದು. ಯಾವ ಮೊಬೈಲ್ ಆ್ಯಪ್ ಇದಕ್ಕಿಂತ ಒಳ್ಳೆಯ ಸಮೀಕ್ಷೆ ಕೊಟ್ಟೀತು? ಕಣದ ಪಕ್ಕದಲ್ಲಿ ಸ್ಟೋರಿನ ಮಾಡು ಇದ್ದರೆ ಅದರ ಮೇಲೆ ಹಾಕಿ. ಕಬ್ಬಿಣದ ಚೌಕಟ್ಟು ನಿಲ್ಲಿಸುವುದಾದರೆ ಕಣದ ಉತ್ತರದ ಅಂಚಿನಲ್ಲಿ ನಿಲ್ಲಿಸಿ: ಕಾಫಿ ಒಣಗಿಸುವ ತಿಂಗಳುಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆರಳು ಉತ್ತರಕ್ಕೆ ಬೀಳುತ್ತದೆ, ಕಾಫಿಯ ಮೇಲಲ್ಲ. ಪ್ಯಾನೆಲ್ಲಿನ ಮುಖ ದಕ್ಷಿಣಕ್ಕೆ, ಓರೆ 12ರಿಂದ 15 ಡಿಗ್ರಿ. ಅದಕ್ಕಿಂತ ಚಪ್ಪಟೆ ಬೇಡ, ತರಗೆಲೆ ಜಾರುವುದಿಲ್ಲ.

ನಮಗೊಂದು ಅನುಕೂಲವೂ ಇದೆ. ಪ್ಯಾನೆಲ್ಲಿಗೆ ಬೇಕಾದ್ದು ಬೆಳಕು, ಸೆಕೆಯಲ್ಲ. 25 ಡಿಗ್ರಿ ದಾಟಿದ ಮೇಲೆ ಕೋಶ ಒಂದೊಂದು ಡಿಗ್ರಿ ಬಿಸಿಯಾದಂತೆಲ್ಲ ಉತ್ಪಾದನೆ ಶೇ. 0.35ರ ಸುಮಾರು ಇಳಿಯುತ್ತದೆ. ಹಾಗಾಗಿ ಮೋಡವಿಲ್ಲದ ಫೆಬ್ರವರಿಯ ತಂಪು ಮಧ್ಯಾಹ್ನ ನಮ್ಮ ಪ್ಯಾನೆಲ್ ಬಯಲುಸೀಮೆಯ ಕಾದ ಪ್ಯಾನೆಲ್ಲಿಗಿಂತ ಚುರುಕು.

ಎಷ್ಟು ಹಾಕಬೇಕು, ಹೇಗೆ ಜೋಡಿಸಬೇಕು

ಒಂದು ಕಿಲೋವ್ಯಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ ನಾಲ್ಕು ಯೂನಿಟ್ ಕೊಡುತ್ತದೆ. ಮುಂಗಾರಿನ ಮೋಡ ಕವಿದ ದಿನ ಒಂದಕ್ಕೆ ಇಳಿದೀತು, ಕೆಲವು ದಿನ ಅದಕ್ಕೂ ಕಡಿಮೆ. 540ರ ಎರಡು ಪ್ಯಾನೆಲ್ ಹಾಕಿದರೆ ಫೆಬ್ರವರಿಯಲ್ಲಿ ನಿಮ್ಮ ಒಂದೂವರೆ ಯೂನಿಟ್ಟಿನ ಮೂರು ಪಟ್ಟು. ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಆ ಒಂದೂವರೆಯ ಮುಕ್ಕಾಲು ಪಾಲೂ ಇಲ್ಲ. ಜುಲೈಗೆ ಸಾಲಬೇಕೆಂದು ನಾಲ್ಕೈದು ಪ್ಯಾನೆಲ್ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ಆ ತಿಂಗಳು ಲೈನ್ ಕರೆಂಟಿನಲ್ಲಿ ಚಾರ್ಜ್ ಮಾಡಿ. ಆ ಮಳೆಯಲ್ಲಿ ಸ್ಕೂಟರಿನಲ್ಲಿ ಮಡಿಕೇರಿಗೆ ಹೋಗುವವರಾದರೂ ಯಾರು?

ಜೋಡಣೆಗೆ ಎರಡು ದಾರಿ. ಮನೆಯ ಮೇಲೆ ಎರಡು ಮೂರು ಕಿಲೋವ್ಯಾಟ್ ಹಾಕಿ ವಿದ್ಯುತ್ ಜಾಲಕ್ಕೆ ಸೇರಿಸುವುದು ಒಂದು. ಇದಕ್ಕೆ 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟಿಗೆ 60,000, ಮೂರು ಅಥವಾ ಹೆಚ್ಚಿಗೆ 78,000 ರೂಪಾಯಿ ಸಬ್ಸಿಡಿ ಇಟ್ಟಿದ್ದಾರೆ. ಹಗಲು ಜಾಲಕ್ಕೆ ಕೊಟ್ಟು ರಾತ್ರಿ ಗಾಡಿಗೆ ವಾಪಸ್ ಪಡೆಯಬಹುದು. ಆದರೆ ಮಾರುವವರು ತಾವಾಗಿ ಹೇಳದ ಒಂದು ಸಂಗತಿ ಇದೆ: ಲೈನ್ ಕರೆಂಟು ಹೋದರೆ, ಪ್ಯಾನೆಲ್ಲಿನ ಡಿಸಿ ಕರೆಂಟನ್ನು ಮನೆಯ ಎಸಿ ಕರೆಂಟಾಗಿ ಬದಲಿಸುವ ಇನ್ವರ್ಟರ್ ತಾನೂ ಆಫ್ ಆಗುತ್ತದೆ. ಕೆಟ್ಟು ಅಲ್ಲ; ಕಂಬ ಹತ್ತಿದ ಲೈನ್‌ಮ್ಯಾನಿಗೆ ನಿಮ್ಮ ಮಾಡಿನ ಕರೆಂಟು ಹೊಡೆಯಬಾರದು ಎಂದು ಹಾಗೆ ಮಾಡಿರುತ್ತಾರೆ. ಮರ ಬಿದ್ದು ಮೂರು ದಿನ ಕತ್ತಲಾಗುವ ನಮ್ಮಲ್ಲಿ, ಮಾಡಿನ ಮೇಲೆ ಬಿಸಿಲು ಹೊಳೆಯುತ್ತಿದ್ದರೂ ಸ್ಕೂಟರ್ ಚಾರ್ಜ್ ಆಗುವುದಿಲ್ಲ. ಅದು ಬೇಡವೆಂದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಕೇಳಿ, ಖರ್ಚು ಹೆಚ್ಚು.

ಎರಡನೆಯದು ಹುಡುಗ ಆರಿಸಿದ ದಾರಿ, ಲೈನಿನ ಸಹವಾಸವೇ ಬೇಡ ಎಂಬುದು. ಎರಡು ಪ್ಯಾನೆಲ್, ಎಂಪಿಪಿಟಿ ಕಂಟ್ರೋಲರ್, ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಲೈನಿನಂಥದೇ ನಯವಾದ ಕರೆಂಟು ಕೊಡುವ ಪ್ಯೂರ್ ಸೈನ್‌ವೇವ್ ಇನ್ವರ್ಟರ್, ಅದಕ್ಕೆ ಸ್ಕೂಟರಿನದೇ ಚಾರ್ಜರ್. ಪ್ಯಾನೆಲ್ಲಿನ ವಯರನ್ನು ನೇರ ಸ್ಕೂಟರಿನ ಬ್ಯಾಟರಿಗೆ ಚುಚ್ಚುವ ಸಾಹಸ ಮಾತ್ರ ಬೇಡ. ವಾರಂಟಿ ಹೋಗುವುದು ಚಿಕ್ಕ ನಷ್ಟ, ಬೆಂಕಿ ಹತ್ತುವುದು ದೊಡ್ಡದು. ಮಧ್ಯಾಹ್ನ ಹನ್ನೊಂದರಿಂದ ಎರಡರೊಳಗೆ ಚಾರ್ಜಿಗೆ ಹಾಕಿದರೆ ಪ್ಯಾನೆಲ್ಲಿನ ಕರೆಂಟು ಹೆಚ್ಚೂಕಡಿಮೆ ನೇರ ಗಾಡಿಗೇ ಹೋಗುತ್ತದೆ, ನಡುವಿನ ಬ್ಯಾಟರಿ ಚಿಕ್ಕದಾದರೂ ನಡೆಯುತ್ತದೆ.

ಅರ್ಥಿಂಗ್ ಮತ್ತು ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಎರಡನ್ನೂ ಚೌಕಾಸಿ ಮಾಡದೆ ಹಾಕಿಸಿ. ಹೂಮಳೆಯ ಗುಡುಗು ಕಾಫಿಗೆ ಎಷ್ಟು ಒಳ್ಳೆಯದೋ ಇನ್ವರ್ಟರಿಗೆ ಅಷ್ಟೇ ಕೆಟ್ಟದ್ದು. ಮಳೆಗಾಲ ಕಳೆದ ಮೇಲೆ ಪ್ಯಾನೆಲ್ಲಿನ ಕೆಳ ಅಂಚಿನಲ್ಲಿ ಪಾಚಿ ಕಟ್ಟಿರುತ್ತದೆ. ಬೆಳಗಿನ ತಂಪಿನಲ್ಲಿ ಮೆತ್ತನೆ ಬಟ್ಟೆ, ಬರೀ ನೀರು ಸಾಕು. ಸೋಪು, ಲೋಟ ತಿಕ್ಕುವ ನಾರು ಬೇಡ.

ಹುಡುಗನ ಮನೆಯಲ್ಲಿ ಕಾಫಿ ಲೆಕ್ಕದ ಪುಸ್ತಕವೊಂದಿದೆ: ಇಷ್ಟು ಮೂಟೆ ಹರಡಿದ್ದು, ಇಷ್ಟು ದಿನ ಒಣಗಿದ್ದು. ಈಗ ಅದೇ ಪುಟದ ಬಲಗಡೆ ಅವನೊಂದು ಗೆರೆ ಎಳೆದು ದಿನದ ಯೂನಿಟ್ ಬರೆಯುತ್ತಾನೆ. ಚೆರಿ ಹದಿನಾಲ್ಕು ದಿನಕ್ಕೇ ಒಣಗಿದ ವಾರ ಆ ಕಡೆ ನಾಲ್ಕೂಕಾಲು, ನಾಲ್ಕೂವರೆ. ಮೋಡ ಬಂದು ಟಾರ್ಪಾಲು ಮುಚ್ಚಿದ ದಿನ ಒಂದೂಕಾಲು. ಅವನಮ್ಮ ಮೊನ್ನೆ ಪುಸ್ತಕ ನೋಡಿ, "ಇವತ್ತು ಕಾಫಿ ಕೆದಕಬೇಕಾ ಬೇಡ್ವಾ ಅಂತ ಇನ್ಮೇಲೆ ನಿನ್ನ ಮೀಟರನ್ನೇ ಕೇಳ್ತೀನಿ" ಎಂದರಂತೆ.